ಹದಿನೇಳನೆಯ ನಂಬರಿನ ಉತ್ತರ

ಶ್ರೀ ಮಧುಕೇಶ್ವರ ಪ್ರಸನ್ನ
ಬನವಾಸಿ
೨೬-೮-೧೯೯೬, ಸೋಮವಾರ

ಚಿ. ಸೌ. ಸ್ಫೂರ್ತಿಗೆ ನಿಮ್ಮ ಅತ್ತೆ ಗುರುಶಾಂತವ್ವ ಬನವಾಸಿಯಿಂದ ಮಾಡುವ ಆಶೀರ್ವಾದ.

ಇಂದು ಶ್ರಾವಣದ ಎರಡನೇ ಸೋಮವಾರ. ನನ್ನದು ಒಪ್ಪತ್ತು. ಬೆಳಿಗ್ಗೆ ಎದ್ದು ಕಸ ಹೊಡೆದು, ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಮಿಂದು ಲಿಂಗಪೂಜೆ ಮುಗಿಸಿ, ವಾರಕ್ಕಾಗುವಷ್ಟು ಬತ್ತಿ ಹೊಸೆದಿಟ್ಟು, ನಿಮ್ಮ ಮಾವನವರಿಗೆ ಉಪ್ಪಿಟ್ಟು ಮಾಡಿಕೊಟ್ಟು ಬಟ್ಟೆ ಅಂಗಡಿಗೆ ಕಳಿಸಿ ಈಗ ಕಾಗದಕ್ಕೆ ಕುಳಿತಿದ್ದೇನೆ. "ಉಪವಾಸ ಬಾಯಿಗೆ ಅಷ್ಟ, ಕೈಗಿಲ್ಲ ನೋಡು ನಿನಗ" ಅಂತ ನಗುತ್ತಾ ಹೋದರು.

ನೀನು ಬೇಸಿಗೆಯಲ್ಲಿ ಕೊಟ್ಟು ಹೋದ ಮೂವತ್ತು ಫಾರ್ಮುಗಳನ್ನೂ ತುಂಬಿಸಿದ್ದೇನೆ. ನಿನ್ನೆ ಬಂದ ಮಗ ಬಸವರಾಜ ನಾಳೆ ಧಾರವಾಡಕ್ಕೆ ಹೊರಡುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಪಂಚಮಿಗೆ ನೀವಿಬ್ಬರೂ ಬರುತ್ತೀರಿ ಅಂದುಕೊಂಡಿದ್ದೆ. ನಿನಗೆ ಕೆಲಸವಿತ್ತು ಅಂದ. ಇರಲಿ.

ನಿನ್ನ ಪಿಎಚ್‌ಡಿ ಎಂದರೆ ಏನೆಂದು ಭಜನೆಗೆ ಬರುವ ಹೆಂಗಸರಿಗೆ ಹೀಗೆ ತಿಳಿಸಿ ಹೇಳಿದೆ: ಮಕ್ಕಳು ಎಷ್ಟು ಬೆಳೆದವು ಅಂತ ಬಾಗಿಲ ಚೌಕಟ್ಟಿಗೆ ಗೆರೆ ಎಳೆದು ನೋಡುತ್ತೇವಲ್ಲ, ಹಾಗೆ ದೊಡ್ಡವರ ಮನಸ್ಸು ಎಷ್ಟು ಬೆಳೆದಿದೆ ಅಂತ ನನ್ನ ಸೊಸೆ ಅಳೆಯುತ್ತಾಳೆ; ಅರ್ಧ ವಾಕ್ಯ ಅವಳು ಕೊಟ್ಟಿದ್ದಾಳೆ, ಉಳಿದರ್ಧ ನೀವು ಹೇಳಬೇಕು. ಯಾರಿಗೂ ಬರೆಯುವ ರೂಢಿ ಇಲ್ಲ. ಓದು ಬಲ್ಲವರೂ "ನೀನ ಬರೀಯವ್ವಾ, ನೀ ಬರದರ ಚಂದ" ಅಂದರು. ಊರಿನವರ ಕಾಗದ ಬರೆದುಕೊಟ್ಟು ಮೂವತ್ತು ವರ್ಷ ಪಳಗಿದ ಕೈ ನನ್ನದು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಮೊದಲು ಕಚ್ಚಾ, ಆಮೇಲೆ ಪಕ್ಕಾ. ಒಂದೇ ಒಂದು ಚಿತ್ತು ಸಿಗಲಿಕ್ಕಿಲ್ಲ.

ಮೇಲೆ "ಮನಸ್ಸಿಗೆ ಬಂದಂತೆ ಪೂರ್ತಿ ಮಾಡಿರಿ" ಅಂತ ಅಚ್ಚಾಗಿದೆ. ಅದನ್ನು ಓದಿ ನಗು ಬಂತು. ಎಲ್ಲರೂ ಮನಸ್ಸಿಗೆ ಬಂದಂತೆ ಬರೆದರೆ ಊರು ಉಳಿದೀತೇ?

ಹೆಸರಿನ ಬದಲು ನಂಬರು ಹಾಕಿದ್ದೀ. ನನ್ನದು ಹದಿನೇಳು, ನಿನಗೊಬ್ಬಳಿಗೇ ಹೇಳುತ್ತೇನೆ. ಪರೀಕ್ಷೆಯ ಫಲ ಬಂದ ಕೂಡಲೇ ತಿಳಿಸು. ಯಾರು ಎಷ್ಟನೆಯವರು ಅಂತ ಎಲ್ಲರೂ ಕೇಳುತ್ತಿದ್ದಾರೆ.

ನಿಮ್ಮ ಶ್ರೇಯಸ್ಸು ಬಯಸುವ ಅತ್ತೆ,
ಗುರುಶಾಂತವ್ವ


ಧಾರವಾಡ
೧೪-೧೦-೧೯೯೬

ಅತ್ತೆಯವರಿಗೆ ಸ್ಫೂರ್ತಿಯ ನಮಸ್ಕಾರಗಳು.

ಮೊದಲೇ ಹೇಳಿಬಿಡುತ್ತೇನೆ, ಇದು ಪರೀಕ್ಷೆಯಲ್ಲ. ಪಾಸು ನಪಾಸು ಇದರಲ್ಲಿಲ್ಲ. ಮೇ ತಿಂಗಳಲ್ಲಿ ನಾನು ಕೂತು ಸರಿಯಾಗಿ ವಿವರಿಸಬೇಕಿತ್ತು. ಬಸ್ಸಿಗೆ ಹೊತ್ತಾಯಿತೆಂದು ಓಡಿದೆ. ತಪ್ಪು ನನ್ನದೂ ಇದೆ.

ನಮ್ಮ ಅಳತೆಯಲ್ಲಿ ಎಂಟು ಮೆಟ್ಟಿಲುಗಳಿವೆ. ಕೆಳಗಿನದರಲ್ಲಿ ಮನುಷ್ಯನಿಗೆ ತನಗೆ ಬೇಕಾದದ್ದೊಂದೇ ಕಾಣುತ್ತದೆ. ಮೂರನೆಯದರಲ್ಲಿ ಊರು ಒಪ್ಪಿದ್ದೇ ಸರಿ, ಒಪ್ಪದ್ದು ತಪ್ಪು. ಮೇಲೆ ಹೋದಂತೆ ತನ್ನ ಮನಸ್ಸನ್ನು ತಾನೇ ದೂರ ನಿಂತು ನೋಡಲು ಕಲಿಯುತ್ತಾನೆ. ಒಂದು ಮಾತಿಗೆ ಎರಡು ಮಗ್ಗುಲಿವೆ ಎಂದು ಒಪ್ಪುತ್ತಾನೆ. ವಯಸ್ಸಿಗೂ ಇದಕ್ಕೂ ನೇರ ಸಂಬಂಧವಿಲ್ಲ. ಕೆಲವರು ಇಪ್ಪತ್ತರಲ್ಲಿ ನಿಂತ ಜಾಗದಲ್ಲೇ ಎಂಬತ್ತಕ್ಕೂ ಇರುತ್ತಾರೆ. ಕೆಲವರು ಐವತ್ತರ ಮೇಲೂ ಬೆಳೆಯುತ್ತಾರೆ. ಇದನ್ನು ಅವರು ವಾಕ್ಯ ಪೂರ್ತಿ ಮಾಡುವ ರೀತಿಯಿಂದ ಅಳೆಯುತ್ತೇವೆ.

ಸಿದ್ದಾಪುರದಿಂದ ಮೂವತ್ತು, ಯಲ್ಲಾಪುರದಿಂದ ಮೂವತ್ತು ಫಾರ್ಮುಗಳು ಬಂದಿವೆ. ಅವುಗಳಲ್ಲಿ ಎಲ್ಲ ಬಗೆಯವರೂ ಇದ್ದಾರೆ. ಯಲ್ಲಾಪುರದ ತೋಟದ ಮನೆಯ ಒಬ್ಬರು "ನನಗೆ ಬೇಸರ ಬಂದಾಗ" ಎಂಬುದಕ್ಕೆ ತಮ್ಮ ಮನೆಮಾತಾದ ಹವ್ಯಕದಲ್ಲೇ "ಆನು ಎಂತಕ್ಕೆ ಹೆದ್ರವು? ಬೇಜಾರು ಬಂದ್ರೆ ಬರ್ಲಿ, ನೆಂಟರಾಂಗೆ ಉಂಡ್ಕಂಡು ಹೋಗ್ತು" ಎಂದು ಬರೆದಿದ್ದಾರೆ.

ಶಿರಸಿ ತಾಲೂಕಿನ ಮೂವತ್ತು, ಎಂದರೆ ನೀವು ಕಳಿಸಿದ್ದು, ಅಷ್ಟೂ ಮೂರನೇ ಮೆಟ್ಟಿಲಲ್ಲಿವೆ. ಒಂದೂ ಮೇಲಿಲ್ಲ, ಒಂದೂ ಕೆಳಗಿಲ್ಲ. "ನನಗೆ ಸಿಟ್ಟು ಬಂದಾಗ" ಇಪ್ಪತ್ತೆರಡು ಜನ ದೇವರ ನಾಮ ಸ್ಮರಿಸುತ್ತಾರೆ. "ನನ್ನ ಗಂಡ" ಇಪ್ಪತ್ತೈದು ಜನರ ಪಾಲಿಗೆ ದೇವರು. ನಮ್ಮ ಗೈಡ್ ಅವನ್ನೆಲ್ಲ ಮೇಜಿನ ಮೇಲೆ ಹರಡಿ, "ಇದು ಒಬ್ಬರೇ ಕೂತು ಬರೆದದ್ದು. ನೀವೇ ಬರೆದಿರಬೇಕು" ಎಂದರು. ಮಾರ್ಚ್ ಕೊನೆಯೊಳಗೆ ಒಪ್ಪುವಂಥ ಉತ್ತರ ಕೊಡದಿದ್ದರೆ ನನ್ನ ನೋಂದಣಿ ರದ್ದಾಗುತ್ತದೆ. ಐದು ವರ್ಷದ ಕೆಲಸ, ಅತ್ತೆಯವರೇ.

ಅವರು ಹೇಳಿದ್ದನ್ನೇ ನೀವು ಬರೆದಿರಾ? ಇಷ್ಟು ತಿಳಿಸಿದರೆ ಸಾಕು.

ನೀವು ಕೇಳಿದ್ದಿರಿ, ಅದಕ್ಕೆ ಹೇಳುತ್ತೇನೆ. ಹದಿನೇಳನೆಯದೂ ಮೂರನೇ ಮೆಟ್ಟಿಲೇ. "ಸೊಸೆ ಎಂದರೆ" ಎಂಬಲ್ಲಿ "ಮನೆ ಬೆಳಗುವ ದೀಪ" ಎಂದಿದೆ. ಉಳಿದವುಗಳ ಪೈಕಿ ಇಪ್ಪತ್ತಾರು ಫಾರ್ಮುಗಳಲ್ಲೂ ಅದೇ ಇದೆ.

ಸ್ಫೂರ್ತಿ


ಶ್ರೀ ಮಧುಕೇಶ್ವರ ಪ್ರಸನ್ನ
ಬನವಾಸಿ
೨೪-೧೦-೧೯೯೬

ಚಿ. ಸೌ. ಸ್ಫೂರ್ತಿಗೆ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಎರಡು ಸಲ ಓದಿದೆ. ಎರಡನೇ ಸಲ ನಿಮ್ಮ ಮಾವನವರಿಗೂ ಕೇಳುವಂತೆ ಓದಿದೆ. ಅವರು ಏನಂದರು ಗೊತ್ತೇ? "ಮನಸ್ಸು ಅಳಿಲಿಕ್ಕೆ ಧಾರವಾಡತನಕಾ ಯಾಕ ಹೋಗಬೇಕು? ನಮ್ಮ ಅಂಗಡ್ಯಾಗ ಗಜಕಡ್ಡಿ ಐತಿ, ಬಂದು ಒಯ್ಯಂತ ಬರಿ. ನಿನ್ನ ಅಳಿಲಿಕ್ಕೆ ಮಾತ್ರ ಒಂದು ಸಾಲೂದಿಲ್ಲ." ಅವರಿಗೆ ಎಲ್ಲವೂ ನಗೆಯಾಟ. ನನಗೆ ಮೈ ಉರಿಯಿತು.

ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ನಾನು ಕೇಂದ್ರಕ್ಕೇ ಮೂರನೆಯವಳು. ಆ ಮೂರಕ್ಕೆ ಮಾಸ್ತರರು ಮನೆಗೆ ಬಂದು ಪೇಢೆ ಕೊಟ್ಟು ಹೋಗಿದ್ದರು. ಈ ಮೂರು ಎಂಥದು? ಹನ್ನೆರಡು ವರ್ಷದ ಹುಡುಗಿಯೂ ಊರು ಒಪ್ಪುವಂತೆ ನಡೆಯುತ್ತಾಳೆ, ಐವತ್ತು ವರ್ಷದ ನಾನೂ ಅಲ್ಲೇ ನಿಂತಿದ್ದೇನೆ ಅಂತಲೇ? ನಡುವೆ ಎರಡು ಹೆತ್ತದ್ದು, ಅದರಲ್ಲಿ ಒಂದನ್ನು ಮಣ್ಣಿಗೆ ಕೊಟ್ಟದ್ದು, ನಿಮ್ಮ ಮಾವನವರ ತಾಯಿಯ ಹಾಸಿಗೆ ಆರು ವರ್ಷ ತೊಳೆದದ್ದು, ಇದೆಲ್ಲಾ ನಿನ್ನ ಯಾವ ಮೆಟ್ಟಿಲಿಗೂ ಸೇರಲಿಲ್ಲವೇ? ಐವತ್ತರ ಮೇಲೂ ಬೆಳೆಯುತ್ತಾರೆ ಅನ್ನುತ್ತೀ. ನಾನೇನು ಕುಂಬಳ ಬಳ್ಳಿಯೇ?

ಬಿಟ್ಟ ಸ್ಥಳ ತುಂಬಿರಿ ಅಂದರೆ ಅದಕ್ಕೆ ಒಂದೇ ಉತ್ತರ ಇರುತ್ತದೆ. ನಾವು ಕಲಿತ ಶಾಲೆಯಲ್ಲಿ ಹಾಗೆ. ಸೂರ್ಯ ಯಾವ ದಿಕ್ಕಿನಲ್ಲಿ ಹುಟ್ಟುತ್ತಾನೆ ಅಂತ ಜಾಗ ಬಿಟ್ಟರೆ ಮೂವತ್ತು ಹುಡುಗರೂ ಪೂರ್ವ ಅಂತಲೇ ಬರೆಯಬೇಕು, ಬೇರೆ ಬರೆದವನಿಗೆ ಛಡಿ ಏಟು. "ನನ್ನ ಗಂಡ" ಅಂತ ಜಾಗ ಬಿಟ್ಟರೆ ಮನೆತನಸ್ಥ ಹೆಂಗಸು ಮತ್ತೇನು ತುಂಬಬೇಕಿತ್ತು? ಒಂದೇ ಕೆರೆಯ ನೀರು ಕುಡಿದವರು ಒಂದೇ ಮೆಟ್ಟಿಲ ಮೇಲೆ ನಿಂತರೆ ಅದರಲ್ಲಿ ಸೋಜಿಗ ಏನು? ಬೇಸರವನ್ನು ನೆಂಟರಂತೆ ಕರೆದು ಉಣ್ಣಲು ಬಡಿಸುವುದು ಯಲ್ಲಾಪುರದವರಿಗೆ ಚಂದ ಇದ್ದೀತು. ನಮ್ಮಲ್ಲಿ ಆ ರೂಢಿಯಿಲ್ಲ.

ನಿಮ್ಮ ಗೈಡಿಗೆ ಹೇಳು, ಬನವಾಸಿಯಲ್ಲಿ ಸುಳ್ಳು ಬರೆಯುವವರು ಯಾರೂ ಇಲ್ಲ. ಎಲ್ಲರೂ ಹೇಳಿದ್ದನ್ನೇ ಬರೆದಿದ್ದೇನೆ, ಮರ್ಯಾದೆಯಿಂದ.

ದೀಪಾವಳಿಗೆ ಇಬ್ಬರೂ ಬರುವುದು. ಎಮ್ಮೆ ಹಾಲು ಚೆನ್ನಾಗಿದೆ.

ನಿಮ್ಮ ಅತ್ತೆ,
ಗುರುಶಾಂತವ್ವ


ಧಾರವಾಡ
೪-೧೧-೧೯೯೬

ಅತ್ತೆಯವರಿಗೆ ನಮಸ್ಕಾರ.

ದೀಪಾವಳಿಗೆ ಬರಲಾಗುವುದಿಲ್ಲ. ನಿಮ್ಮ ಕಾಗದದಲ್ಲಿ "ಮರ್ಯಾದೆಯಿಂದ" ಎಂಬ ಒಂದು ಮಾತಿದೆ. ಅದನ್ನೇ ಹತ್ತು ಸಲ ಓದಿದೆ. ಅದರ ಅರ್ಥ ತಿಳಿಸಿ.

ಸ್ಫೂರ್ತಿ


ಶ್ರೀ ಮಧುಕೇಶ್ವರ ಪ್ರಸನ್ನ
ಬನವಾಸಿ
೨-೧೨-೧೯೯೬

ಚಿ. ಸೌ. ಸ್ಫೂರ್ತಿಗೆ ಆಶೀರ್ವಾದ.

ಕಾರ್ತಿಕದ ಮೂರನೇ ಸೋಮವಾರ, ಒಪ್ಪತ್ತು. ಬೆಳಗಿನಿಂದ ಒಂದು ಕೆಲಸವೂ ನೆಟ್ಟಗೆ ಆಗಿಲ್ಲ. ಹಾಲು ಉಕ್ಕಿಸಿದೆ. ಪೂಜೆಗೆ ಕುಳಿತು ವಿಭೂತಿ ಹಚ್ಚಿಕೊಳ್ಳುವುದನ್ನೇ ಮರೆತಿದ್ದೆ.

ನಮ್ಮ ಮನೆಗೆ ದಿನಾ ಪೂಜೆಯ ಹೂವು ಕೊಡುವ ಚೌಡಮ್ಮ ನಿನಗೆ ಗೊತ್ತು, ಮದುವೆಯಲ್ಲಿ ನಿನಗೆ ದಂಡೆ ಕಟ್ಟಿದವಳು. ಹೋದ ವಾರ ಹಾನಗಲ್ಲ ಕಡೆ ಅವಳ ಅಣ್ಣ ತೀರಿಕೊಂಡ. ಇವಳು ಮಣ್ಣಿಗೆ ಹೋದಾಗ ಅಣ್ಣನ ಮಗ, ಟ್ರಂಕಿನಲ್ಲಿ ಸಿಕ್ಕಿತು ಅಂತ ಒಂದು ಹಳೇ ಕಾಗದ ಓದಿ ಹೇಳಿದನಂತೆ. ಹನ್ನೊಂದು ವರ್ಷದ ಹಿಂದೆ ಚೌಡಮ್ಮ ಅಣ್ಣನಿಗೆ ಬರೆಸಿದ್ದು. ಬರೆದದ್ದು ನಾನು. ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದು ನನ್ನ ಮುಂದೆ ಬಿಚ್ಚಿದಳು.

"ಅವ್ವಾರ, ಇದನ್ನೊಮ್ಮೆ ಓದರಿ."

ಓದಿದೆ. "ನಾವೆಲ್ಲರೂ ಕ್ಷೇಮ. ದೇವರ ದಯದಿಂದ ಕಾಲ ಸಾಗಿದೆ. ನಿನಗೆ ಪುರಸೊತ್ತಾದಾಗ ಒಮ್ಮೆ ಬಂದು ಹೋಗುವುದು." ಅಕ್ಷರ ಮುತ್ತು ಪೋಣಿಸಿದಂತೆ ಇದ್ದವು.

"ನಾ ಅವತ್ತ ಏನ ಹೇಳಿದ್ದೆ, ನೆಪ್ಪೈತೇನ್ರಿ?"

ನೆನಪಿತ್ತು. ಬರೆದದ್ದು ಮರೆತರೂ ತಿದ್ದಿದ್ದು ನನಗೆ ಮರೆಯುವುದಿಲ್ಲ. ಅವಳ ಗಂಡ ಕುಡಿದು ಬಂದು ಅವಳ ಕೈ ಮುರಿದ ವಾರ ಅದು. "ಅಣ್ಣಾ, ಬಂದು ಕರಕೊಂಡು ಹೋಗು, ಇಲ್ಲಂದರ ನನ್ನ ಹೆಣಾ ನೋಡಾಕ ಬಾ" ಅಂದಿದ್ದಳು. ಹೆಣ ಅನ್ನುವ ಮಾತನ್ನು ಕಾಗದಕ್ಕೆ ಏರಿಸಬಾರದು ಅಂತ ನಾನು ಹಾಗೆ ಬರೆದೆ. ನಮ್ಮ ಮಾಸ್ತರರು ಕಲಿಸಿದ್ದೇ ಅದು. ಬಾಯಿಮಾತು ಗಾಳಿಗೆ ಹೋಗುತ್ತದೆ, ಕಾಗದದ ಮಾತು ಮೊಮ್ಮಕ್ಕಳ ತನಕ ಉಳಿಯುತ್ತದೆ, ಸಿಟ್ಟನ್ನು ಬರೆಯಬೇಡಿ ಅನ್ನುತ್ತಿದ್ದರು. ಹಾಗೆ ತಿದ್ದಿ ತಿದ್ದಿ ಊರಿನ ಎಷ್ಟೋ ಮನೆ ಒಡೆಯದಂತೆ ಉಳಿಸಿದ್ದೇನೆ ಅಂತ ನನಗೊಂದು ಹೆಮ್ಮೆ ಇತ್ತು.

"ಬಾ ಅಂದರೂ ಬರಲಿಲ್ಲಲ್ಲಾ ಅಂತ ಹನ್ನೊಂದು ವರ್ಷಾ ಅಣ್ಣನ ಹೊಸ್ತಿಲಾ ತುಳೀಲಿಲ್ಲರಿ ನಾ. ಆ ಗಂಡನೂ ಸತ್ತ, ಆವಾಗೂ ಹೇಳಿ ಕಳಸಲಿಲ್ಲ. ಸಿಟ್ಟೆಲ್ಲಾ ಅಣ್ಣನ ಮ್ಯಾಲಿಟ್ಟಿದ್ದೆ. ಈಗ ಅವನೂ ಇಲ್ಲ. ಇದನ್ನ ಇನ್ನ ಎಲ್ಲಿಡಲಿ, ನೀವ ಹೇಳರಿ."

ನನ್ನ ಮೇಲೆ ಇಡು ಅಂದೆ.

"ಇಡತಿದ್ದೆ. ಆದರ ನೀವು ನನಗ ಛಲೋ ಆಗಲಿ ಅಂತನ ಬರದೀರಿ. ಅದ ತ್ರಾಸ."

ಅಷ್ಟು ಹೇಳಿ ಬುಟ್ಟಿ ಎತ್ತಿಕೊಂಡು ಹೋದಳು. ಪೂಜೆಯ ಹೂವು ಮಾತ್ರ ಎಂದಿನಂತೆ ಕಟ್ಟೆಯ ಮೇಲೆ ಇಟ್ಟು ಹೋಗಿದ್ದಳು. ಒಂದು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ನಿನ್ನ ಫಾರ್ಮಿನಲ್ಲಿ "ನನಗೆ ಸಿಟ್ಟು ಬಂದಾಗ" ಅನ್ನುವುದಕ್ಕೆ ಇದೇ ಚೌಡಮ್ಮ ಹೇಳಿದ್ದು ಹೀಗೆ: "ಸಿಟ್ಟ ಬಂದಾಗ ಇದು ಯಾರ ಸಿಟ್ಟಂತ ಮೊದಲ ನೋಡತೀನಿ. ಅರ್ಧಾ ನಮ್ಮವ್ವಂದಿರತೈತಿ." ಇವಳೇನೋ ಒದರುತ್ತಾಳೆ, ಧಾರವಾಡದ ಮಂದಿ ನಕ್ಕಾರು ಅಂತ "ದೇವರ ನಾಮ ಸ್ಮರಿಸುತ್ತೇನೆ" ಅಂತ ಬರೆದೆ. ಉಳಿದವರದೂ ಹಾಗೆಯೇ. ಒಬ್ಬೊಬ್ಬರ ಮಾನ ಉಳಿಸುತ್ತಿದ್ದೇನೆ ಅಂದುಕೊಂಡೆ. ನೀನು ಅಳೆದದ್ದು ಮೂವತ್ತು ಜನರನ್ನಲ್ಲ, ನನ್ನೊಬ್ಬಳನ್ನೇ ಮೂವತ್ತು ಸಲ ಅಳೆದಿದ್ದೀ. ಮರ್ಯಾದೆಯಿಂದ ಅಂದರೆ ಅರ್ಥ ಇದು.

ಖಾಲಿ ಫಾರ್ಮು ಮತ್ತೆ ಕಳಿಸು. ಈ ಕಾಗದವನ್ನು ನಿಮ್ಮ ಗೈಡಿಗೆ ತೋರಿಸು. ಬರೆದದ್ದು ಸೊಸೆಯಲ್ಲ, ಅತ್ತೆ ಅಂತ ಪೂರಾ ಸಹಿ ಹಾಕುತ್ತಿದ್ದೇನೆ.

ಗುರುಶಾಂತವ್ವ ಕೋಂ ಬಸಪ್ಪ ಅಂಗಡಿ, ಮುಲ್ಕಿ ಪಾಸು


ಧಾರವಾಡ
೯-೧೨-೧೯೯೬

ಅತ್ತೆಯವರಿಗೆ ನಮಸ್ಕಾರ.

ಮೂವತ್ತು ಖಾಲಿ ಫಾರ್ಮುಗಳನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ನಿಮ್ಮ ಕಾಗದವನ್ನು ಗೈಡ್ ಓದಿದರು. ಫೆಬ್ರವರಿ ಮುಗಿಯುವುದರೊಳಗೆ ತರಿಸಿ ಎಂದರು.

ಕೇಳಿಸಿದ್ದನ್ನು ಕೇಳಿಸಿದ ಹಾಗೆ ಬರೆಯಿರಿ. ಬೈಗುಳವಿದ್ದರೆ ಬೈಗುಳ. ಅವರು ಸುಮ್ಮನಿದ್ದರೆ ಆ ಜಾಗ ಖಾಲಿ ಬಿಡಿ, ಖಾಲಿಗೂ ನಮ್ಮಲ್ಲಿ ಲೆಕ್ಕವಿದೆ. ಹೊಸದಾಗಿ ನಿಮ್ಮ ಫಾರ್ಮನ್ನೂ ತುಂಬಿರಿ.

ನಿಮಗೆ ಬೇಸರವಾಗಿದೆಯೆಂದು ಗೊತ್ತು. ನನಗೂ ಆಗಿದೆ. ಯಾವುದಕ್ಕೆಂದು ಈಗ ಬರೆಯಲಾರೆ.

ಸ್ಫೂರ್ತಿ


ಶ್ರೀ ಮಧುಕೇಶ್ವರ ಪ್ರಸನ್ನ
ಬನವಾಸಿ
೨೦-೧-೧೯೯೭

ಚಿ. ಸೌ. ಸ್ಫೂರ್ತಿಗೆ ಆಶೀರ್ವಾದ.

ಇಪ್ಪತ್ತೊಂಬತ್ತು ಬಾಗಿಲಿಗೆ ಹೋಗಿ, "ಅವತ್ತು ನೀವು ಹೇಳಿದ್ದನ್ನ ನಾ ಬರೀಲಿಲ್ಲ, ಇನ್ನೊಮ್ಮೆ ಹೇಳರಿ" ಅಂತ ಕೈಮುಗಿಯುವುದು ಯಾವ ಉಪವಾಸಕ್ಕಿಂತಲೂ ಕಠಿಣ ಅಂತ ಈಗ ಗೊತ್ತಾಯಿತು. ಮೊದಲನೇ ಬಾಗಿಲು ಸೀತಮ್ಮನದು. ಕೇಳಿ ಅವಳು ಮೊರ ಕೆಳಗಿಟ್ಟಳು.

"ಅಯ್ಯ! ಹಂಗಾರ ಹೋದ ವರ್ಷ ನನ್ನ ಮಗಳಿಗೆ ಬರಸಿದ್ನಲ್ಲಾ, ಅದನ್ನೂ ಹಿಂಗನ ಮಾಡಿದಿಯೇನು?"

ಹೌದು ಅಂದೆ.

"ಅದಕ ಆಕಿ 'ಅವ್ವಾ, ನೀ ಬಾಳ ಶಾಂತ ಆಗೀಯಲ್ಲಾ' ಅಂತ ಬರದಿದ್ಲು!"

ಎಲ್ಲರದೂ ಇದೇ ಪ್ರಶ್ನೆ. ನಿನ್ನ ಫಾರ್ಮು ಯಾರಿಗೂ ಬೇಡ, ತಮ್ಮ ತಮ್ಮ ಹಳೇ ಕಾಗದದಲ್ಲಿ ನಾನು ಏನು ಬರೆದೆ ಅಂತ ಕೇಳುತ್ತಾರೆ. ಮೂವತ್ತು ವರ್ಷದ್ದು ನಾನು ಎಲ್ಲಿಂದ ಹೇಳಲಿ? ಇಬ್ಬರು ಬಾಗಿಲು ಹಾಕಿಕೊಂಡರು. ಅವರಲ್ಲಿ ಒಬ್ಬಳು ಭಜನೆಯಲ್ಲಿ ಇಪ್ಪತ್ತು ವರ್ಷದಿಂದ ನನ್ನ ಪಕ್ಕ ಕೂರುವವಳು, ಈಗ ಕಂಬದ ಆಚೆ ಕೂರುತ್ತಾಳೆ.

ನಾಗಪ್ಪನ ಮನೆಯಲ್ಲಿ ಮಾತ್ರ ನಗು ಬಂತು. ಅವನ ಹೆಂಡತಿಗೆ "ನನ್ನ ಗಂಡ" ಅಂತ ಓದಿ ಹೇಳಿದೆ.

"ಬರಿ. ಅದಾನ."

"ಮುಂದ?"

"ಮುಂದ ಏನು? ಅದಾನ. ಅಷ್ಟ."

ಒಳಗಿಂದ ನಾಗಪ್ಪ, "ಏನಲೇ ಅದು ನನ್ನ ಸುದ್ದಿ?" ಅಂದ.

"ನೀ ಇನ್ನೂ ಅದೀಯಂತ ಸರಕಾರಕ್ಕ ತಿಳಸಾಕತ್ತೀವಿ, ಸುಮ್ನ ಕುಂದರು."

"ಅದಾನ" ಅಂತಲೇ ಬರೆದಿದ್ದೇನೆ. ಆದರೆ ನನ್ನ ಕೈ ತಾನಾಗಿ ತಿದ್ದಲು ಹೋಗುತ್ತದೆ. "ಇದ್ದಾರೆ" ಅಂತ ಮಾಡಲೇ ಅನ್ನಿಸುತ್ತದೆ. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಬರೆದೆ ಅಂದರೆ ನಂಬು.

ಚೌಡಮ್ಮ ತಾನಾಗಿಯೇ ಬಂದಳು. ಒಂದೊಂದು ಸಾಲು ಬರೆದ ಮೇಲೂ "ಓದಿ ಹೇಳರಿ" ಅಂದಳು. ನಾನು ಓದಿದೆ, ಅವಳು ತಲೆಯಾಡಿಸಿದಳು. ಕೋರ್ಟಿನಲ್ಲಿ ನಿಂತ ಹಾಗಾಯಿತು ನನಗೆ. ಸಿಟ್ಟಿನ ವಾಕ್ಯಕ್ಕೆ ಹಿಂದಿನದನ್ನೇ ಬರೆಯಲು ಹೋದರೆ ತಡೆದಳು. "ಅದು ಆವಾಗಿಂದು. ಈಗ ಬ್ಯಾರೆ ಬರೀರಿ. ಸಿಟ್ಟ ಬಂದಾಗ ಅದನ್ನ ಯಾರ ಮ್ಯಾಲಿಡಬೇಕಂತ ಹುಡುಕತೀನಿ. ಯಾರೂ ಸಿಗಲಿಲ್ಲಂದರ ಹೂವಾ ಕಟ್ಟತೀನಿ." ಒಂದಕ್ಷರ ಮುಟ್ಟಿಲ್ಲ ನಾನು.

ಇಪ್ಪತ್ತೇಳು ಫಾರ್ಮುಗಳಿವೆ. ಬಸವರಾಜ ಗುರುವಾರ ಕಚೇರಿ ಕೆಲಸಕ್ಕೆ ಶಿರಸಿಗೆ ಬರುತ್ತಾನಂತೆ, ಅವನ ಕೈಗೆ ಕೊಡುತ್ತೇನೆ. ಚಿತ್ತು ಬಹಳ ಇವೆ, ನಾಚಿಕೆಯಾಗುತ್ತದೆ.

ನಿಮ್ಮ ಅತ್ತೆ,
ಗುರುಶಾಂತವ್ವ


ಧಾರವಾಡ
೩-೩-೧೯೯೭

ಅತ್ತೆಯವರಿಗೆ ಸ್ಫೂರ್ತಿಯ ನಮಸ್ಕಾರಗಳು.

ಗೈಡ್ ಒಪ್ಪಿದರು. ಬನವಾಸಿಯ ಇಪ್ಪತ್ತೇಳು ಫಾರ್ಮುಗಳು ಈಗ ಐದು ಮೆಟ್ಟಿಲುಗಳಲ್ಲಿ ಹರಡಿವೆ. ಒಂಬತ್ತನೇ ನಂಬರಿನವರು, ಯಾರೆಂದು ನೀವು ಹೇಳಬೇಡಿ, ಏಳನೇ ಮೆಟ್ಟಿಲಲ್ಲಿದ್ದಾರೆ. ಮೂರು ತಾಲೂಕು ಸೇರಿ ಅಲ್ಲಿ ನಿಂತವರು ಇಬ್ಬರೇ. ಹೋದ ವರ್ಷ ನಾನೂ ಒಂದು ಫಾರ್ಮು ತುಂಬಿ ಬೇರೆಯವರಿಂದ ಅಳೆಸಿಕೊಂಡಿದ್ದೆ. ನಾನು ಐದು. ಮಾವನವರಿಗೆ ಹೇಳಿ, ನಗಲಿ.

"ಬಾಗಿಲು ಬಾಗಿಲಿಗೆ ಹೋಗಿ ತನ್ನ ತಪ್ಪನ್ನು ತಾನೇ ಹೇಳಿಕೊಂಡು ಬಂದವರು ನಿಮ್ಮ ಅಳತೆಯಲ್ಲಿ ಎಷ್ಟನೇ ಮೆಟ್ಟಿಲು?" ಎಂದು ಗೈಡ್ ಕೇಳಿದರು. ಫಾರ್ಮು ಇಲ್ಲದೆ ಹೇಳಲಾಗದು ಎಂದೆ.

ಹದಿನೇಳನೆಯದು ಬಂದಿಲ್ಲ. ಅದಿಲ್ಲದಿದ್ದರೂ ನನ್ನ ಪ್ರಬಂಧ ನಿಲ್ಲುವುದಿಲ್ಲ. ಪ್ರಬಂಧಕ್ಕಾಗಿ ಕೇಳುತ್ತಿಲ್ಲ.

ಮದುವೆಯಾಗಿ ನಾಲ್ಕು ವರ್ಷ. ನಿಮ್ಮ ಕಾಗದಗಳೆಲ್ಲ ನನ್ನ ಹತ್ತಿರ ಇವೆ. ಎಲ್ಲದರಲ್ಲೂ ಉಪವಾಸ, ಹಬ್ಬ, ಎಮ್ಮೆ, ಕ್ಷೇಮ. ಊರಿಗೆ ಹೊರಡು ಅಂದರೆ ಯಾಕೆ ಹಿಂದೆಗೆಯುತ್ತೀ ಎಂದು ಇವರು ಕೇಳುತ್ತಾರೆ. ನನ್ನನ್ನು ಕಂಡರೆ ನಿಮಗೆ ಆಗುತ್ತದೆಯೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಹೆಚ್ಚುಕಡಿಮೆ ತೊಂಬತ್ತು ಜನರ ಮನಸ್ಸು ಅಳೆದವಳು ನಾನು, ನಿಮ್ಮದು ಗೊತ್ತಾಗಲಿಲ್ಲ. ಅದಕ್ಕೇ ಆಗ ಬೇಸರ ಬಂದದ್ದು.

ದೀಪ ಎಂದು ಮಾತ್ರ ಬರೆಯಬೇಡಿ.

ಸ್ಫೂರ್ತಿ


ಬನವಾಸಿ
೭-೩-೧೯೯೭

ಸ್ಫೂರ್ತೀ,

ಇವತ್ತ ಶಿವರಾತ್ರಿ, ನಿಟ್ಟುಪವಾಸ. ಕಸಾ ಆಗೇತಿ, ಪೂಜಿ ಆಗೇತಿ. ಎಮ್ಮಿ ಹಿಂಡೂದು ಇನ್ನೂ ಐತಿ, ಒದರಾಕತ್ತೈತಿ, ಒದರಲಿ. ಇದು ಕಚ್ಚಾ ಕಾಗದ. ಪಕ್ಕಾ ಮಾಡೂದಿಲ್ಲ. ಹೊಡದ ಹಾಕಿದ್ದೂ ಹಂಗ ಇರಲಿ, ಓದಾಕ ಬಂದಷ್ಟು ಓದು.

ಹದಿನೇಳನೇ ಫಾರ್ಮು ಹಿಡಕೊಂಡು ಮೂರು ಸಲ ಕುಂತೆ. "ನನ್ನ ಗಂಡ" ತುಂಬೀನಿ. "ಗಜಕಡ್ಡಿ ಹಿಡದು ನಗತಾನ, ನಗೋದು ನಿಂತರ ನನಗ ಅಂಜಿಕಿ ಆಗತೈತಿ" ಅಂತ. "ನನಗೆ ಸಿಟ್ಟು ಬಂದಾಗ" ತುಂಬೀನಿ. "ಚಂದ ಅಕ್ಷರದಾಗ ಬರೀತೀನಿ" ಅಂತ. "ಸೊಸೆ ಎಂದರೆ" ಅಲ್ಲಿಗೆ ಬಂದರ ಪೆನ್ನು ನಿಲ್ಲತೈತಿ. ನೀ ಒಂದ ಗೆರಿ ಜಾಗಾ ಬಿಟ್ಟೀಯವ್ವಾ. ಒಂದ ಗೆರ್‍ಯಾಗ ಹೆಂಗ ಬರೀಲಿ?

ನಿನಗ ಗೊತ್ತಿಲ್ಲ. ನಿನಗ ಕಳಿಸಿದ ಒಂದೊಂದು ಕಾಗದಕ್ಕೂ ಒಂದೊಂದು ಕಚ್ಚಾ ಐತಿ. ಮಂದಿ ಕಚ್ಚಾ ಎಲ್ಲಾ ಒಲಿಗೆ ಹಾಕತೀನಿ. ನಿನ್ನವು ಹಾಕಾಕ ಕೈ ಬರಲಿಲ್ಲ. ಬತ್ತಿ ಡಬ್ಬಿ ಕೆಳಗ ಕಟ್ಟಿ ಇಟ್ಟೀನಿ, ನಾಲ್ಕು ವರ್ಷದ್ದು.

ಎಲ್ಲಾ ಛಲೋ ಮಾತಲ್ಲ, ಮೊದಲ ಹೇಳತೀನಿ. ಮದಿವ್ಯಾದ ಹೊಸದಾಗಿ ನನ್ನ ರೊಟ್ಟಿ ದಪ್ಪ ಅಂದಿದ್ದಿ. ಅದಕ್ಕ ಎರಡು ಪುಟಾ ಬೈದೀನಿ. ನಿನಗ ಕಳಿಸಿದ್ದು "ಆರೋಗ್ಯ ನೋಡಿಕೊಳ್ಳುವುದು" ಅಂತ. ಪಂಚಮಿಗೆ ನೀವು ಬರಲಿಲ್ಲಲ್ಲಾ, "ಇರಲಿ" ಅಂತ ಬರದೆ. ಕಚ್ಚಾದಾಗ, ನಿನಗಂತ ಎತ್ತಿಟ್ಟ ಶೇಂಗಾದುಂಡಿ ಇರಬಿ ಹತ್ತೂತನಕಾ ಯಾರಿಗೂ ಮುಟ್ಟಗೊಡಲಿಲ್ಲ ಅಂತ ಐತಿ. ಮತ್ತ ನೀ ಮೂರನೇ ಮೆಟ್ಟಿಲಾ ಅಂತ ಬರದಾಗ ಕುಂಬಳ ಬಳ್ಳಿ ಅಂತ ಜಗಳಾ ತಗದೆ ನೋಡು, ಅದರ ಕಚ್ಚಾ ಒಂದ ಸಾಲು. "ನಿನ್ನ ಕಾಗದಾ ಓದಿ ಅತ್ತಬಿಟ್ಟೆ. ನೀ ನನಗ ಬರದ ಮೊದಲನೇ ಉದ್ದ ಕಾಗದಾ ಇದ." ಅದನ್ನ ಯಾಕ ಕಳಸಲಿಲ್ಲ ಅಂತ ಕೇಳಬ್ಯಾಡ. ನನಗೂ ಗೊತ್ತಿಲ್ಲ. ಹಂಗ ಬರದರ ಅತ್ತಿ ಅನ್ನೂದು ಏನ ಉಳೀತು ಅಂತ ಅನಿಸಿರಬೇಕು.

ಚೌಡಮ್ಮನ ಅಣ್ಣನ ಹಂಗ ನೀನೂ ನನ್ನ ಕ್ಷೇಮಾನ ಓದಕೋತ ಕುಂತೀಯಂತ ನಿನ್ನ ಕಾಗದಾ ಬಂದ ಮ್ಯಾಲೆ ತಿಳೀತು. ಹನ್ನೊಂದು ವರ್ಷಾ ಮಾಡೂದು ಬ್ಯಾಡ.

ಹದಿನೇಳನೇ ನಂಬರಿನ ಉತ್ತರಾ ಅಂದರ ಆ ಕಚ್ಚಾ ಕಾಗದದ ಕಟ್ಟು. ಎಷ್ಟನೇ ಮೆಟ್ಟಿಲಾದರೂ ಅಳಿ, ನನ್ನ ತಕರಾರಿಲ್ಲ. ಪೋಸ್ಟಿಗೆ ಮಾತ್ರ ಹಾಕಂಗಿಲ್ಲ. ಹಾಕಬೇಕಂದರ ಬಿಚ್ಚತೀನಿ, ಬಿಚ್ಚಿದರ ತಿದ್ದತೀನಿ. ನನ್ನ ಕೈ ಮ್ಯಾಲೆ ನನಗ ನಂಬಿಗಿ ಇಲ್ಲ. ಬಸವರಾಜನ್ನೂ ಕಳಸಬ್ಯಾಡ, ಅಂವಾ ನಮ್ಮಿಬ್ಬರ ನಡುವ ಹೊತ್ತದ್ದು ಸಾಕು. ಶಿರಸಿಗೆ ಇಳದು ಬನವಾಸಿ ಬಸ್ ಹತ್ತಿ ನೀನ ಬಾ. ರೊಟ್ಟಿ ಇನ್ನೂ ದಪ್ಪನ ಆಗತಾವ.

ಬಂದು ಒಯ್ಯಿ.

ನಿಮ್ಮತ್ತಿ
ಗುರುಶಾಂತವ್ವ